ಜಮೀನು ಮಾರದೆ ಮನೆ ಕಟ್ಟುವ ಲೆಕ್ಕ

ವ್ಯಾಂಕೂವರ್‌ಗೆ ಹೊಸದಾಗಿ ಬರುವ ಕನ್ನಡದವರು ಈಚೆಗೆ ಒಂದು ಪ್ರಶ್ನೆ ಜಾಸ್ತಿ ಕೇಳುತ್ತಾರೆ. ಬರ್ರಾರ್ಡ್ ಸೇತುವೆ ಪಕ್ಕದ ಆ ದೊಡ್ಡ ಟವರ್‌ಗಳು ಮೂಲನಿವಾಸಿಗಳ ಜಮೀನಿನಲ್ಲಿವೆಯಂತೆ, ಅಲ್ಲಿ ನಮಗೂ ಬಾಡಿಗೆಗೆ ಮನೆ ಸಿಗುತ್ತಾ? ಸಿಗುತ್ತದೆ, ಯಾರು ಬೇಕಾದರೂ ಇರಬಹುದು. ಬಾಡಿಗೆ ಮನೆ ಯೋಜನೆಗಳ ಹಣಕಾಸು ನೋಡುವುದು ನನ್ನ ಕೆಲಸ. ಹಾಗಾಗಿ ಈ ಟವರ್‌ಗಳು ಹೇಗೆ ಸಾಧ್ಯವಾದವು ಅನ್ನುವುದನ್ನು ದುಡ್ಡಿನ ಕಡೆಯಿಂದಲೇ ಹೇಳುತ್ತೇನೆ.

ಆ ಜಾಗ ಸೆನಾಕ್, ಸ್ಕ್ವಾಮಿಶ್ ಅನ್ನುವ ಮೂಲನಿವಾಸಿ ಜನರ ಹಳೆಯ ಹಳ್ಳಿ. 1913ರಲ್ಲಿ ಪ್ರಾಂತ್ಯ ಸರ್ಕಾರ ಅಲ್ಲಿನ ಕುಟುಂಬಗಳನ್ನು ದೋಣಿ ಹತ್ತಿಸಿ ಕಳಿಸಿಬಿಟ್ಟಿತು. ಮನೆಗಳನ್ನು ಸುಟ್ಟರು. ಹೀಗೆ ಸುಮಾರು 80 ಎಕರೆ ಕೈತಪ್ಪಿತು. ಎಷ್ಟೋ ವರ್ಷ ಕೋರ್ಟಿನಲ್ಲಿ ಹೋರಾಡಿದ ಮೇಲೆ, ರೈಲ್ವೆ ಕಂಪನಿಯ ಕೈಗೆ ಹೋಗಿದ್ದ ಸುಮಾರು 10.5 ಎಕರೆ ಮಾತ್ರ 2000ರ ದಶಕದ ಆರಂಭದಲ್ಲಿ ವಾಪಸ್ ಬಂತು. ಅಷ್ಟೇ ಜಾಗದಲ್ಲಿ ಈಗ 11 ಟವರ್, ಸುಮಾರು 6,000 ಬಾಡಿಗೆ ಮನೆಗಳ ಯೋಜನೆ. 2019ರಲ್ಲಿ ಸ್ಕ್ವಾಮಿಶ್ ಸದಸ್ಯರೇ ಮತ ಹಾಕಿ, ಶೇ. 87ರಷ್ಟು ಬಹುಮತದಿಂದ ಇದಕ್ಕೆ ಒಪ್ಪಿಗೆ ಕೊಟ್ಟರು.

ಇಲ್ಲಿ ಒಂದು ಕಗ್ಗಂಟಿದೆ. ಇಂಥ ಜಾಗ ಮೂಲನಿವಾಸಿ ಸಮುದಾಯಕ್ಕೆಂದೇ ಕಾನೂನಿನಲ್ಲಿ ಮೀಸಲಿಟ್ಟ ಜಮೀನು, ಅದನ್ನು ಮಾರುವಂತಿಲ್ಲ. ಕೆನಡಾದ ಇಂಡಿಯನ್ ಆ್ಯಕ್ಟ್‌ನ 89ನೇ ಸೆಕ್ಷನ್ ಪ್ರಕಾರ ಹೊರಗಿನವರು ಅದನ್ನು ಜಪ್ತಿ ಮಾಡುವಂತೆಯೂ ಇಲ್ಲ. ಜಮೀನು ಉಳಿಯಲಿ ಅಂತ ಮಾಡಿದ ನಿಯಮ ಅದು. ಆದರೆ ಜಪ್ತಿ ಮಾಡಲಾಗದ ಆಸ್ತಿಯ ಮೇಲೆ ಯಾವ ಬ್ಯಾಂಕು ಸಾಲ ಕೊಡುತ್ತದೆ? ಜಮೀನಿದ್ದೂ ಮನೆ ಕಟ್ಟಲಾಗದ ಸ್ಥಿತಿ. ಇದಕ್ಕೆ ದಾರಿ ತೋರಿಸಿದ್ದು ಕಾಮ್‌ಲೂಪ್ಸ್‌ನ ಮೂಲನಿವಾಸಿ ಮುಖ್ಯಸ್ಥ ಮ್ಯಾನಿ ಜೂಲ್ಸ್. ಅವರು ಮುಂದೆ ನಿಂತು ಒತ್ತಾಯ ಮಾಡಿದ್ದರಿಂದ 1988ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಸಮುದಾಯ ಒಪ್ಪಿ ಲೀಸಿಗೆ, ಅಂದರೆ ಹಲವು ವರ್ಷಗಳ ಗುತ್ತಿಗೆಗೆ, ಗುರುತಿಸಿದ ಜಮೀನಿನಲ್ಲಿ, ಲೀಸಿನ ಹಕ್ಕನ್ನು ಅಡ ಇಡಬಹುದು ಅಂತಾಯಿತು. ಸಾಲ ಕಟ್ಟದಿದ್ದರೆ ಬ್ಯಾಂಕಿಗೆ ಸಿಗುವುದು ಉಳಿದ ವರ್ಷಗಳ ಲೀಸ್ ಮಾತ್ರ. ಮಣ್ಣು ಸಮುದಾಯದ್ದೇ.

ಸೆನಾಕ್‌ನ ಮೊದಲ ಎರಡು ಹಂತಗಳಿಗೆ 2022ರಲ್ಲಿ ಕೇಂದ್ರ ಸರ್ಕಾರದ ವಸತಿ ನಿಗಮ 140 ಕೋಟಿ ಡಾಲರ್ ಸಾಲ ಕೊಟ್ಟಿತು. ಅದು ಸಹಾಯಧನ ಅಲ್ಲ, ತೀರಿಸಬೇಕಾದ ಸಾಲ. ನಮ್ಮ ಲೆಕ್ಕದ ಪಟ್ಟಿಯಲ್ಲಿ ಈ ಊರಿನ ಯಾವುದೇ ಯೋಜನೆಯನ್ನು ಮೊದಲು ಕುಸಿಯುವಂತೆ ಮಾಡುವುದು ಜಮೀನಿನ ಬೆಲೆ. ಇಲ್ಲಿ ಜಮೀನು ಕೊಳ್ಳುವ ಖರ್ಚೇ ಇಲ್ಲ. ಮೀಸಲು ಜಮೀನಾದ್ದರಿಂದ ಎಲ್ಲಿ ಏನು, ಎಷ್ಟು ಎತ್ತರ ಕಟ್ಟಬಹುದು ಅನ್ನುವ ನಗರದ ಝೋನಿಂಗ್ ನಿಯಮವೂ ತಾಗುವುದಿಲ್ಲ. ಎಷ್ಟು ಮಹಡಿ ಅನ್ನುವುದನ್ನು ಸ್ಕ್ವಾಮಿಶ್ ಜನರೇ ತೀರ್ಮಾನಿಸುತ್ತಾರೆ. ನೀರು, ಚರಂಡಿ, ಅಗ್ನಿಶಾಮಕ ಸೇವೆಗೆ ನಗರದ ಜೊತೆ ಒಪ್ಪಂದ ಮಾಡಿಕೊಂಡು ದುಡ್ಡು ಕೊಡುತ್ತಾರೆ.

ಹಾಗಂತ ಎಲ್ಲ ಮನೆಗಳೂ ಅಗ್ಗವಲ್ಲ. ಐದರಲ್ಲೊಂದು ಪಾಲು ಮಾತ್ರ ಕೈಗೆಟುಕುವ ಬಾಡಿಗೆಯವು. ಆ ಲೆಕ್ಕದ ಬಗ್ಗೆಯೂ ನನಗೆ ತಕರಾರಿದೆ. ವಸತಿ ನಿಗಮದ ಆ ಸಾಲ ಯೋಜನೆ ಇಂಥ ಮನೆಗಳ ಬಾಡಿಗೆಯ ಮಿತಿಯನ್ನು ಊರಿನ ಎಲ್ಲ ಕುಟುಂಬಗಳ ನಡುಮಟ್ಟದ ಆದಾಯದ ಶೇ. 30ಕ್ಕೆ ಕಟ್ಟಿಹಾಕಿದೆ. ಅದರಲ್ಲಿ ಸ್ವಂತ ಮನೆಯಿರುವವರ ಆದಾಯವೂ ಸೇರುತ್ತದೆ. ಬಾಡಿಗೆಯಲ್ಲಿರುವವರು ದುಡಿಯುವುದು ಅದಕ್ಕಿಂತ ಕಡಿಮೆ ಅಲ್ವಾ? ಈ ಅಳತೆ ಸರ್ಕಾರದ್ದು, ಸರಿಪಡಿಸಬೇಕಾದ್ದೂ ಸರ್ಕಾರವೇ. ದೊಡ್ಡ ಬಾಡಿಗೆಯ ಟವರ್ ಯಾಕೆ, ಎಲ್ಲವನ್ನೂ ಅಗ್ಗವಾಗಿ ಕೊಡಬಾರದಾ ಅಂತ ಸ್ಕ್ವಾಮಿಶ್ ಜನರನ್ನು ಕೇಳುವುದು ನ್ಯಾಯವಲ್ಲ. ಅವರ ಸದಸ್ಯರಲ್ಲೇ ಎಷ್ಟೋ ಜನ ಮನೆಗಾಗಿ ಕಾಯುತ್ತಿದ್ದಾರೆ. ಸೆನಾಕ್‌ನಲ್ಲಿ ಅವರಿಗಾಗಿ 250 ಮನೆ ಮೀಸಲು. ಹಿಯಾಮ್ ಅನ್ನುವ ಅವರದೇ ವಸತಿ ಸಂಸ್ಥೆ ಬೇರೆ ಜಾಗಗಳಲ್ಲಿ ಲಾಭವಿಲ್ಲದೆ ಸದಸ್ಯರಿಗೆ ಮನೆ ಕಟ್ಟುತ್ತಿದೆ. ಒಂದು ತಲೆಮಾರಿನೊಳಗೆ ಎಲ್ಲ ಸದಸ್ಯರಿಗೂ ಸೂರು ಅನ್ನುವುದು ಸಮುದಾಯ ಇಟ್ಟುಕೊಂಡ ಗುರಿ. ಅಂಥ ಕೆಲಸಗಳಿಗೆ ವರ್ಷ ವರ್ಷ ದುಡ್ಡು ಬರುತ್ತಿರಬೇಕು. ಪೇಟೆ ದರದ ಬಾಡಿಗೆ ಬೇಕಾಗುವುದು ಅದಕ್ಕೇ.

ಮುಂದಾಳತ್ವ ಯಾರ ಕೈಯಲ್ಲಿದೆ ಅನ್ನುವುದು ಎಷ್ಟು ಮುಖ್ಯ ಅನ್ನೋದಕ್ಕೆ ಇದೇ ಊರಿನ ಇನ್ನೊಂದು ಲೀಸ್ ನೋಡಿ. 1958ರಲ್ಲಿ ಕೇಂದ್ರ ಸರ್ಕಾರ ಮಸ್ಕ್ವಿಯಮ್ ಅನ್ನುವ ಇನ್ನೊಂದು ಮೂಲನಿವಾಸಿ ಸಮುದಾಯದ 162 ಎಕರೆಯನ್ನು ಒಂದು ಗಾಲ್ಫ್ ಕ್ಲಬ್ಬಿಗೆ 75 ವರ್ಷಕ್ಕೆ ಕೊಟ್ಟಿತು. ಸಮುದಾಯ ಒಪ್ಪಿದ್ದ ಷರತ್ತುಗಳೇ ಬೇರೆ, ಅಧಿಕಾರಿಗಳು ಸಹಿ ಹಾಕಿದ ಷರತ್ತುಗಳೇ ಬೇರೆ. ಆ ಲೀಸಿನ ಪ್ರತಿಯನ್ನೂ ಅವರಿಗೆ ಬಹಳ ವರ್ಷ ತೋರಿಸಲಿಲ್ಲ. ಇದರ ಮೇಲೆ ಹೂಡಿದ ಗೆರಿನ್ ಪ್ರಕರಣದಲ್ಲಿ 1984ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ್ದೇ ತಪ್ಪು ಅಂದಿತು, ಒಂದು ಕೋಟಿ ಡಾಲರ್ ಪರಿಹಾರ ಎತ್ತಿಹಿಡಿಯಿತು. ಆ ಲೀಸ್ ಮಾತ್ರ ಮುಂದುವರಿಯಿತು. ಅದರ ಅವಧಿ ಇನ್ನು ಕೆಲವೇ ವರ್ಷಗಳಲ್ಲಿ ಮುಗಿಯುತ್ತದೆ. ಆ 162 ಎಕರೆಯಲ್ಲಿ ಏನಾಗಬೇಕು ಅನ್ನುವುದನ್ನು ಈ ಸಲ ಮಸ್ಕ್ವಿಯಮ್ ಜನರೇ ಕೂತು ತೀರ್ಮಾನಿಸುತ್ತಾರೆ.