ತದಡಿ–ಅಘನಾಶಿನಿ ತಾರಿ: ಸೇತುವೆಗಳ ಕಾಲದಲ್ಲೂ ಉಳಿದ ದೋಣಿ

ಗೋಕರ್ಣದ ಕಡೆಗೆ ತದಡಿ, ಕುಮಟಾ ಕಡೆಗೆ ಅಘನಾಶಿನಿ ಊರು. ಎರಡೂ ಎದುರುಬದುರು, ನಡುವೆ ಅಘನಾಶಿನಿ ಹೊಳೆಯ ಅಳಿವೆ. ದೋಣಿಯಲ್ಲಿ ಕೆಲವೇ ನಿಮಿಷ. ರಸ್ತೆಯಲ್ಲಾದರೆ ಮಿರ್ಜಾನ್ ಬಳಸಿ ಸುತ್ತಬೇಕು.

ಮಿರ್ಜಾನಿನಿಂದ ಕಾಳುಮೆಣಸು ಹಡಗೇರುತ್ತಿದ್ದ ಕಾಲದಿಂದ ಹೆದ್ದಾರಿ ಬರುವವರೆಗೆ ಕರಾವಳಿಯ ಪಯಣವೆಂದರೆ ಹೊಳೆಯಿಂದ ಹೊಳೆಗೆ ತಾರಿ ದಾಟುವುದೇ ಆಗಿತ್ತು. ಸೇತುವೆಗಳು ಬಂದಂತೆ ದೊಡ್ಡ ತಾರಿಗಳು ನಿಂತವು. ಕಾರವಾರದ ಕಾಳಿ ಹೊಳೆಗೆ 1980ರ ದಶಕದಲ್ಲಿ ಸೇತುವೆಯಾಯಿತು. ಅವೆಲ್ಲ ಹೆದ್ದಾರಿಗೆಂದು ಕಟ್ಟಿದವು. ಅಳಿವೆ ಬಾಯಿಯ ಊರುಗಳಿಗೆ ದೋಣಿಯೇ ಉಳಿಯಿತು.

ಹುಟ್ಟುಗೋಲಿನ ಜಾಗಕ್ಕೆ ಎಂಜಿನ್ ಬಂದರೂ ಲೆಕ್ಕ ಉಬ್ಬರ–ಇಳಿತದ್ದೇ. ದಿನಕ್ಕೆ ಎರಡು ಉಬ್ಬರ, ಮರುದಿನ ಸುಮಾರು 50 ನಿಮಿಷ ತಡ. ಇಳಿತದಲ್ಲಿ ನೀರು ಕಡಲ ಕಡೆ ಸೆಳೆಯುವುದರಿಂದ ಮೂತಿಯನ್ನು ಸೆಳವಿನ ಎದುರಿಗೆ ಓರೆ ಹಿಡಿದೇ ದಾಟಬೇಕು. ನೇರ ಬಿಟ್ಟರೆ ದೋಣಿ ಧಕ್ಕೆ (ಇಳಿಯುವ ಕಟ್ಟೆ) ತಪ್ಪಿ ಕಡಲ ಕಡೆಗೆ ಸರಿದು ದಡ ಮುಟ್ಟುತ್ತದೆ. ಮಧ್ಯಾಹ್ನದ ಮೇಲೆ ಪಡುಗಾಳಿ ಆ ಸೆಳವಿಗೆ ಎದುರಾದರೆ ಗಿಡ್ಡ, ಕಡಿದಾದ ಅಲೆ ಏಳುತ್ತದೆ. ಬೈಕು ಹೇರಿದ ದೋಣಿಗೆ ಅದೇ ಅಪಾಯ. ಬೈಕನ್ನು ಎಂಜಿನ್ ಆರಿಸಿ, ಗೇರಿನಲ್ಲಿಟ್ಟು, ದೋಣಿಯ ನಡುವಿಗೆ ನಿಲ್ಲಿಸಬೇಕು. ಜನ ಎರಡೂ ಬದಿ ಸಮನಾಗಿ ಕೂರಬೇಕು. ನೀರು ಇಳಿದಾಗ ಧಕ್ಕೆಗೂ ದೋಣಿಗೂ ನಡುವಿನ ಹಲಗೆ ಕಡಿದಾಗುತ್ತದೆ, ಪಾಚಿ ಕಟ್ಟಿದ ಮೆಟ್ಟಿಲು ಜಾರುತ್ತದೆ. ಹೆಚ್ಚಿನವರು ಬೀಳುವುದು ಅಲ್ಲೇ, ನಡುನೀರಿನಲ್ಲಲ್ಲ. ಹೂಳೆದ್ದ ಕಡೆ ಎಂಜಿನ್ನಿನ ಫ್ಯಾನು (ನೀರು ತಳ್ಳುವ ರೆಕ್ಕೆ) ಮರಳಿಗೆ ತಾಗುತ್ತದೆ; ತಂಪಿಗೆ ಎಳೆಯುವ ನೀರಿನ ಜೊತೆ ಕೆಸರು ಹೊಕ್ಕು ಎಂಜಿನ್ ಬಿಸಿಯೇರುತ್ತದೆ. ಮಳೆಗಾಲದಲ್ಲಿ ನೆರೆನೀರೂ ಇಳಿತವೂ ಕೂಡಿದ ದಿನ ದೋಣಿ ಬಿಡದಿರುವುದೇ ಸರಿ.

ಈ ನಡುವೆ ತದಡಿಗೆ 4000 ಮೆಗಾವಾಟ್ ವಿದ್ಯುತ್ ಸ್ಥಾವರದ ಮಾತು ಬಂತು, ವಿರೋಧಕ್ಕೆ ಸಿಕ್ಕಿ ನಿಂತಿತು. ಆಮೇಲೆ ದೊಡ್ಡ ಬಂದರಿನ ಮಾತು. 2024ರ ಜನವರಿಯಲ್ಲಿ ಅಳಿವೆಯ 4801 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಅಣೆಕಟ್ಟಿಲ್ಲದ ಈ ಹೊಳೆಯ ಬಳಚು (ಚಿಪ್ಪುಜೀವಿ), ಕಾಂಡ್ಲಾ ಕಾಡು, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಿಗೆ ಅದು ಸಲ್ಲಬೇಕಾದ ಮನ್ನಣೆಯೇ. ಇನ್ನು ಮುಂದೆ ಇಲ್ಲಿ ಕಂಬ ನೆಡುವುದಾಗಲಿ, ಹೂಳೆತ್ತುವುದಾಗಲಿ ಈ ತೂಕದಲ್ಲೇ ಅಳೆಯಬೇಕಾದ ಕೆಲಸ.

ದೊಡ್ಡ ಯೋಜನೆಗಳ ಮಾತಿನಲ್ಲಿ ಧಕ್ಕೆಯ ಸಣ್ಣ ಕೆಲಸಗಳು ಮರೆತುಹೋಗಬಾರದು. ಕಡು ಇಳಿತದ ಮಟ್ಟಕ್ಕಿಂತ ಕೆಳಗಿನವರೆಗೂ ಮೆಟ್ಟಿಲು, ನೀರಿನ ಜೊತೆ ಏರಿಳಿಯುವ ತೇಲು ಧಕ್ಕೆ, ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್, ಆ ದಿನದ ಉಬ್ಬರ–ಇಳಿತದ ಹೊತ್ತು ಬರೆದ ಒಂದು ಹಲಗೆ: ಇವು ಯಾವ ಯೋಜನೆಗೂ ಕಾಯಬೇಕಿಲ್ಲ.