ನಾಟಿ ಕಡ್ಡಿಯಿಂದ ವಿ-1ರವರೆಗೆ: ಸೊಪ್ಪಿನ ತಳಿ ಬದಲಾದಂತೆ ಬೆಳೆಯ ಲೆಕ್ಕವೂ ಬದಲಾದದ್ದು

ರಾಮನಗರದಿಂದ ಕೋಲಾರದವರೆಗೆ ಈಗ ಯಾವ ಹಿಪ್ಪುನೇರಳೆ ತೋಟಕ್ಕೆ ಹೋದರೂ ಹೆಚ್ಚಾಗಿ ಕಾಣುವುದು ವಿ-1 ಎಂಬ ತಳಿ. ಕಡುಹಸಿರಿನ, ದಪ್ಪನೆಯ, ರಸಭರಿತ ಎಲೆ. ಒಂದು ಕಾಲಕ್ಕೆ ಇದೇ ಜಮೀನಿನಲ್ಲಿ ಮಳೆಯನ್ನೇ ನಂಬಿ ಬೆಳೆಯುತ್ತಿದ್ದದ್ದು ಮೈಸೂರು ಸ್ಥಳೀಯ, ಅಂದರೆ ನಾಟಿ ಕಡ್ಡಿ. ಸೊಪ್ಪು ಕಡಿಮೆ, ಎಲೆ ತೆಳು. ಆಗ ಈ ಸೊಪ್ಪಿನಲ್ಲಿ ಸಾಕುತ್ತಿದ್ದ ಮೈಸೂರು ತಳಿಯ ರೇಷ್ಮೆ ಹುಳುವೂ ಗಟ್ಟಿ ಜೀವ. ಗೂಡು ಚಿಕ್ಕದು, ನೂಲೂ ಗಿಡ್ಡ. ಹಾಗಾಗಿ ಸೊಪ್ಪು ಸಾಲದು ಎನಿಸಲಿಲ್ಲ.

ನೀರಾವರಿ ಬಂದ ಮೇಲೆ ಚನ್ನಪಟ್ಟಣ ಸಮೀಪದ ಕಣ್ವ ಕ್ಷೇತ್ರದಲ್ಲಿ ಮೈಸೂರು ಸ್ಥಳೀಯದ ಬೀಜದ ಸಸಿಗಳಿಂದಲೇ ಆರಿಸಿದ ಕಣ್ವ-2, ಅಂದರೆ ಎಂ-5, ಹರಡಿತು. ಹೆಕ್ಟೇರಿಗೆ ವರ್ಷಕ್ಕೆ 30-35 ಟನ್ ಸೊಪ್ಪು. ಕಡ್ಡಿ ಸಲೀಸಾಗಿ ಬೇರು ಬಿಡುತ್ತಿದ್ದುದರಿಂದ ಊರಿಂದ ಊರಿಗೆ ಕೈಬದಲಾಯಿತು.

1990ರ ದಶಕದಲ್ಲಿ ಸಿಎಸ್‌ಆರ್ ಹೆಸರಿನ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ) ಹುಳು ಬಂದಾಗ ಸೊಪ್ಪಿನ ಗುಣದ ಬಗ್ಗೆ ಹೊಸ ಪ್ರಶ್ನೆ ಎದ್ದಿತು. ಹುಳು ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇ. 80ಕ್ಕಿಂತ ಹೆಚ್ಚು ಗೂಡು ಕಟ್ಟುವ ಮುಂಚಿನ ಕೊನೆಯ, ಅಂದರೆ ಐದನೇ ಹಂತದ ಏಳೆಂಟು ದಿನಗಳಲ್ಲೇ ಖರ್ಚಾಗುತ್ತದೆ. ರೇಷ್ಮೆ ಗ್ರಂಥಿ ಭರದಿಂದ ಬೆಳೆಯುವುದೂ ಆಗಲೇ. ರೇಷ್ಮೆಯ ಪ್ರೋಟೀನಿನಲ್ಲಿ ಸುಮಾರು ಶೇ. 70 ನೇರವಾಗಿ ಎಲೆಯ ಪ್ರೋಟೀನಿನಿಂದ ಬರುತ್ತದೆ. ಬೇಗ ಬಾಡುವ ಎಲೆ ಹಾಕಿದರೆ ಹುಳು ಅರ್ಧ ತಿಂದು ಬಿಡುತ್ತದೆ, ಗೂಡಿನ ಪದರ ತೆಳುವಾಗುತ್ತದೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ವಿ-1 1997ರಲ್ಲಿ ಹೊರಬಂದು ಗೆದ್ದದ್ದು ಇಲ್ಲಿ. ಹೆಕ್ಟೇರಿಗೆ 60 ಟನ್ ದಾಟುವ ಇಳುವರಿ, ಹುಳು ಮೇಯುವ ಹಾಸಿಗೆಯಲ್ಲಿ ಬೇಗ ಬಾಡದ ಎಲೆ.

ಚಾಕಿ ಹುಳುವಿನ, ಅಂದರೆ ಮೊದಲ ಹಂತಗಳ ಎಳೆ ಹುಳುವಿನ ಬೇಡಿಕೆ ಬೇರೆ: ಶೇ. 80ರಷ್ಟು ನೀರಿರುವ ಮೃದು ಎಲೆ. ಅದಕ್ಕೆ ಎಸ್-36, ಆಮೇಲೆ ಬಂದ ಜಿ-2 ತಳಿಗಳಿವೆ. ಇಳುವರಿ ಕಡಿಮೆ ಎಂದು ಎಕರೆ ತೋಟದವರು ಇವಕ್ಕೆ ಜಾಗ ಕೊಡುವುದಿಲ್ಲ. ಎಳೆ ಹುಳು ಸಾಕಿ ಮಾರುವ ಚಾಕಿ ಕೇಂದ್ರದಿಂದ ಹುಳು ತಂದರೆ ಆ ಚಿಂತೆ ತಪ್ಪುತ್ತದೆ. ವಿ-1ರಲ್ಲೇ ಚಾಕಿ ಮಾಡುವವರು ಕುಡಿಯ ಹೊಳಪೆಲೆ ಹಾಗೂ ಅದರ ಕೆಳಗಿನ ಒಂದೆರಡನ್ನು ಮಾತ್ರ ಕೊಯ್ದು, ಸಣ್ಣಗೆ ಹೆಚ್ಚಿ ಕೊಡಬೇಕು. ಇನ್ನೂ ಕೆಳಗಿನ ಒರಟೆಲೆ ಬೆರೆತರೆ ಕೆಲವು ಹುಳು ಹೊಟ್ಟೆ ತುಂಬಾ ತಿಂದು ಜ್ವರಕ್ಕೆ, ಅಂದರೆ ಮೇವು ಬಿಟ್ಟು ಪೊರೆ ಕಳಚಲು ಕೂರುತ್ತವೆ, ಕೆಲವು ಇನ್ನೂ ಮೇಯುತ್ತಿರುತ್ತವೆ. ಸೊಪ್ಪು ಹಾಕಿದರೆ ಕೂತ ಹುಳು ಅಡಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಹಾಕದಿದ್ದರೆ ಉಳಿದವು ಹಸಿಯುತ್ತವೆ. ಹೀಗೆ ಏರುಪೇರಾದ ಹಾಸಿಗೆ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವವರೆಗೂ ಸರಿಹೋಗುವುದಿಲ್ಲ.

ಮಳೆಗಾಲದಲ್ಲಿ ವಿ-1ರ ರಸವೇ ಶಾಪ. ಯೂರಿಯಾ ಹೆಚ್ಚಾದ ನೀರು ಸೊಪ್ಪು ಬಿದ್ದರೆ ಹಾಸಿಗೆ ಒದ್ದೆಯಾಗುತ್ತದೆ, ಹುಳುವಿನ ಸಪ್ಪೆ ರೋಗಕ್ಕೂ ಹಾಲುತೊಂಡೆ ರೋಗಕ್ಕೂ ದಾರಿಯಾಗುತ್ತದೆ. ಸುಣ್ಣದ ಪುಡಿ ಉದುರಿಸುವುದು, ಗಾಳಿ ಆಡಿಸುವುದು ಆಗ ತಪ್ಪಬಾರದು. 70 ದಿನ ಮೀರಿದ ರೆಂಬೆಯಲ್ಲಿ ಸಮಸ್ಯೆ ತಿರುಗುಮುರುಗು: ಕೆಳಗಿನ ಎಲೆ ಹಳದಿ, ಒರಟು. ನೀರಿಲ್ಲದ ಕೆಂಪು ಮಣ್ಣಿಗೆ ಎಸ್-13, ಕಪ್ಪು ಮಣ್ಣಿಗೆ ಎಸ್-34 ಹೊಂದುತ್ತವೆ. ಅಲ್ಲಿ ವಿ-1 ನೆಡುವುದು ಹಟ ಅಷ್ಟೆ.

ಹೆಚ್ಚಿನವರು ಎಡವುವುದು ಮೊಟ್ಟೆಯ ಲೆಕ್ಕದಲ್ಲಿ. ಇಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪು. ಅಂಥ ನೂರು ಮೊಟ್ಟೆಗೆ ಸುಮಾರು ಒಂದು ಟನ್ ಸೊಪ್ಪು ಬೇಕು. ವರ್ಷಕ್ಕೆ ಐದು ಬೆಳೆ ಅಂದರೆ ಎಕರೆ ಎಂ-5 ತೋಟಕ್ಕೆ ಬೆಳೆಗೆ 240-280 ಮೊಟ್ಟೆ, ವಿ-1 ತೋಟಕ್ಕೆ 400ರ ಮೇಲೆ. ಆದರೆ ಆ ಇಳುವರಿಗೆ ಹೆಕ್ಟೇರಿಗೆ ವರ್ಷಕ್ಕೆ 20 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ಸಾರಜನಕ, ರಂಜಕ, ಪೊಟ್ಯಾಷ್ 350:140:140 ಕಿಲೋ ಕೊಡಬೇಕು. ಎಂ-5ಕ್ಕೆ ಕೊಡುತ್ತಿದ್ದಷ್ಟೇ ಕೊಟ್ಟು, ವಿ-1ರ ಲೆಕ್ಕದಲ್ಲಿ ಮೊಟ್ಟೆ ತಂದರೆ ಐದನೇ ಹಂತದ ಐದಾರನೇ ದಿನ ತೋಟ ಬರಿದಾಗುತ್ತದೆ. ಆಗ ಹೊರಗಿನಿಂದ ಕೊಳ್ಳುವ ಸೊಪ್ಪು ಯಾವ ತಳಿಯದೋ, ಯಾವಾಗ ಔಷಧಿ ಹೊಡೆದದ್ದೋ. ಹಿಂದಿನ ಬೆಳೆಯ ಸೊಪ್ಪನ್ನು ತೂಗಿ ಬರೆದಿಟ್ಟಿದ್ದರೆ ಮೊಟ್ಟೆಯನ್ನು ಆ ತೂಕದ ಮೇಲೆಯೇ ತರಿಸಬಹುದು.