ಅಳಿವೆಯ ಉಪ್ಪಿನಂಶ ತೋರಿಸಲು ಯಾವ ಜಿಯುಐ ಲೈಬ್ರರಿ?

ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಒಂದೇ ಅಳಿವೆಯಲ್ಲಿ ಕಡಲು ಸೇರುವ ಮಂಗಳೂರಿನಲ್ಲಿ ಅಳಿವೆಯ ನೀರಿನ ಉಪ್ಪಿನಂಶವು ಉಬ್ಬರವಿಳಿತಕ್ಕೆ ತಕ್ಕಂತೆ ಏರಿಳಿಯುತ್ತದೆ. ಮಳೆಗಾಲದ ಸಿಹಿನೀರಿಗೆ ಕುಸಿದು ಬೇಸಿಗೆಯಲ್ಲಿ ಮತ್ತೆ ಏರುತ್ತದೆ. ಇದನ್ನು ಸೆನ್ಸರ್‌ನಿಂದ ಸೆಕೆಂಡಿಗೊಮ್ಮೆ ಓದಿ, ಪರದೆಯಲ್ಲಿ ಗ್ರಾಫ್ ಬಿಡಿಸಿ, ಕಡತದಲ್ಲಿ ಉಳಿಸುವ ಪುಟ್ಟ ತಂತ್ರಾಂಶವೊಂದನ್ನು ಇಲ್ಲಿನ ವಿದ್ಯಾರ್ಥಿಗಳು ಪೈಥಾನ್‌ನಲ್ಲಿ ಬರೆಯಹೊರಟರೆ, ಬಟನ್, ಮೆನು, ವಿಂಡೊಗಳನ್ನು ಒದಗಿಸುವ ಜಿಯುಐ ಲೈಬ್ರರಿಯನ್ನು ಮೊದಲೇ ಆರಿಸಿಕೊಳ್ಳಬೇಕಾಗುತ್ತದೆ. ಈ ಆಯ್ಕೆಯನ್ನು ಅಂದಚಂದ ನೋಡಿ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂತಹ ಲೈಬ್ರರಿಗಳ ಒಳಗೆ ಸದಾ ಸುತ್ತುತ್ತಿರುವ ಈವೆಂಟ್ ಲೂಪ್ ಒಂದಿರುತ್ತದೆ. ಮೌಸ್ ಒತ್ತಿದ್ದು, ಕೀಲಿ ಒತ್ತಿದ್ದು, ವಿಂಡೊವನ್ನು ಮತ್ತೆ ಬಿಡಿಸಬೇಕಾದದ್ದು ಎಲ್ಲವೂ ಅಲ್ಲಿ ಸರದಿಯಂತೆ ಇತ್ಯರ್ಥವಾಗುತ್ತವೆ. ಸೆನ್ಸರ್‌ನ ಉತ್ತರಕ್ಕಾಗಿ ಪ್ರೋಗ್ರಾಂ ಆ ಲೂಪಿನೊಳಗೇ ಕಾಯುತ್ತ ನಿಂತರೆ ಉಳಿದ ಕೆಲಸಗಳೆಲ್ಲ ನಿಂತು ವಿಂಡೊ ಸ್ತಬ್ಧವಾಗುತ್ತದೆ. 'ನಿಲ್ಲಿಸು' ಎಂಬ ಬಟನ್ ಒತ್ತಿದರೂ ಪ್ರಯೋಜನವಿಲ್ಲ. ಆದ್ದರಿಂದ ಓದುವ ಕೆಲಸವನ್ನು ಬೇರೊಂದು ಥ್ರೆಡ್‌ಗೆ, ಅಂದರೆ ಅದೇ ಪ್ರೋಗ್ರಾಂನಲ್ಲಿ ಜೊತೆಜೊತೆಗೆ ಸಾಗುವ ಇನ್ನೊಂದು ಕೆಲಸದ ಸರಣಿಗೆ ಒಪ್ಪಿಸಿ, ಸಿಕ್ಕ ಅಂಕಿಯನ್ನಷ್ಟೇ ಮುಖ್ಯ ಥ್ರೆಡ್‌ಗೆ ದಾಟಿಸಬೇಕು. ಕ್ಯೂಟಿ ಎಂಬ ಜಿಯುಐ ಲೈಬ್ರರಿಯಲ್ಲಿ ಇದಕ್ಕೆ, ಒಂದು ಕಡೆಯಿಂದ ಸೂಚನೆ ಹೊರಟರೆ ಇನ್ನೊಂದು ಕಡೆ ಅದಕ್ಕೆ ಜೋಡಿಸಿದ ಫಂಕ್ಷನ್ ಓಡುವ ಸಿಗ್ನಲ್ ಮತ್ತು ಸ್ಲಾಟ್ ಎಂಬ ವ್ಯವಸ್ಥೆ ಸಿದ್ಧವಿದೆ. ಪೈಥಾನ್‌ನ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಇರುವ ಟಿಕಿಂಟರ್ ಎಂಬ ಇನ್ನೊಂದು ಜಿಯುಐ ಲೈಬ್ರರಿಯಲ್ಲಿ, ಅಂಕಿಗಳನ್ನು ಕ್ಯೂ (ಸರದಿ ಸಾಲು) ಒಂದರಲ್ಲಿ ಹಾಕಿ, 'ಆಫ್ಟರ್' ವಿಧಾನದಿಂದ ಅದನ್ನು ಆಗಾಗ ಪರಿಶೀಲಿಸುವ ಏರ್ಪಾಟನ್ನು ನಾವೇ ಮಾಡಿಕೊಳ್ಳಬೇಕು. ಅದೇನೂ ಕಷ್ಟದ ಕೆಲಸವಲ್ಲ.

ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಪೈಥಾನ್ ಲೈಬ್ರರಿ ಈ ಎರಡರೊಳಗೂ ಕೂರುತ್ತದೆ. ಸೆಕೆಂಡಿಗೊಂದು ಬಿಂದುವಾದರೆ ಅದರ ವೇಗ ಧಾರಾಳವಾಗಿ ಸಾಕು. ಕಂಪನದ ಅಳತೆಯಂತೆ ಸೆಕೆಂಡಿಗೆ ಸಾವಿರಾರು ಬಿಂದುಗಳು ಬರುವಲ್ಲಿ ಮಾತ್ರ ಕ್ಯೂಟಿಯನ್ನು ಆಧರಿಸಿದ ಪೈಕ್ಯೂಟಿಗ್ರಾಫ್ ಎಂಬ ವೇಗದ ಗ್ರಾಫ್ ಲೈಬ್ರರಿ ಬೇಕಾದೀತು. ಇಷ್ಟನ್ನೇ ನೋಡಿದರೆ ಟಿಕಿಂಟರ್ ಸಾಕೆನ್ನಬಹುದಿತ್ತು.

ಆದರೆ ಅಳಿವೆಯ ದೋಣಿಯವರೂ ಓದುವಂತೆ ಪರದೆಯ ಮೇಲಿನ ಪದಗಳು ಕನ್ನಡದಲ್ಲಿರಬೇಕೆಂದು ನಾನು ಬಯಸುತ್ತೇನೆ. ಒತ್ತಕ್ಷರಗಳು ಸರಿಯಾಗಿ ಕೂಡಬೇಕಾದರೆ ಫಾಂಟಿನ ನಿಯಮಗಳನ್ನು ಓದಿ ಅಕ್ಷರ ಜೋಡಿಸುವ ತಂತ್ರಾಂಶ ಒಳಗಿರಬೇಕು. ಕ್ಯೂಟಿಯಲ್ಲಿ ಹಾರ್ಫ್‌ಬಜ್ ಆ ಕೆಲಸ ಮಾಡುತ್ತದೆ. ಲಿನಕ್ಸ್‌ನಲ್ಲಿ ಟಿಕಿಂಟರ್‌ನ ಹಿಂದಿರುವ ಟಿಕೆ ಎಂಬ ಮೂಲ ಲೈಬ್ರರಿಯ 8.6ನೇ ಆವೃತ್ತಿಯಲ್ಲಿ ಅಂತಹ ಜೋಡಣೆಯಿಲ್ಲದ ಕಾರಣ 'ಉಪ್ಪು' ಎಂಬ ಪದವೇ ಒಡೆದು ಕಾಣುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನ 3.10ರಂತಹ ಆವೃತ್ತಿಗಳಲ್ಲೂ ಇದೇ ಕೊರತೆಯಿರುವುದರಿಂದ, ವಿಂಡೊ ಕ್ಯೂಟಿಯದ್ದಾಗಿದ್ದರೂ ಗ್ರಾಫಿನ ಅಕ್ಷದ ಮೇಲಿನ ಕನ್ನಡ ಕೆಡುತ್ತದೆ. ಪೈಕ್ಯೂಟಿಗ್ರಾಫ್ ತನ್ನ ಪಠ್ಯವನ್ನು ಕ್ಯೂಟಿಯ ಮೂಲಕವೇ ಬರೆಯುವುದರಿಂದ ಆ ತೊಂದರೆಯಿಲ್ಲ.

ಹೀಗಾಗಿ ವೇಗ ಬೇಕಿಲ್ಲದಿದ್ದರೂ ನಾನು ಸೂಚಿಸುವುದು ಕ್ಯೂಟಿ ಮತ್ತು ಪೈಕ್ಯೂಟಿಗ್ರಾಫ್ ಜೋಡಿಯನ್ನು. ಪೈಥಾನ್‌ನಿಂದ ಕ್ಯೂಟಿ ಬಳಸಲು ಪೈಕ್ಯೂಟಿ ಮತ್ತು ಪೈಸೈಡ್ ಎಂಬ ಎರಡು ದಾರಿಗಳಿವೆ. ಮೊದಲನೆಯದಕ್ಕೆ ಜಿಪಿಎಲ್ (ಹಂಚುವಾಗ ನಮ್ಮ ಪ್ರೋಗ್ರಾಂನ ಮೂಲ ಕೋಡನ್ನೂ ತೆರೆದಿಡಬೇಕೆನ್ನುವ ಮುಕ್ತ ಪರವಾನಗಿ) ಅಥವಾ ಹಣ ತೆತ್ತು ಪಡೆಯುವ ಪರವಾನಗಿ ಬೇಕು. ಅದಕ್ಕಿಂತ ಸಡಿಲವಾದ ಎಲ್‌ಜಿಪಿಎಲ್ ಪರವಾನಗಿಯ ಅಡಿಯಲ್ಲಿಯೂ ಸಿಗುವ ಪೈಸೈಡ್, ತಂತ್ರಾಂಶವನ್ನು ಮುಂದೆ ಇತರರಿಗೆ ಹಂಚುವಾಗ ಹೆಚ್ಚು ಅನುಕೂಲಕರ.